ಕೆಂಪು ಚುಕ್ಕಿಯ ಟ್ಯೂಬು

ಲ್ಯಾಬಿನ ಅಕ್ಕ ತಾವು ಬಳಸಿದ ಗಾಜಿನ ಟ್ಯೂಬುಗಳನ್ನೆಲ್ಲ ತೊಳೆಯಲು ನನ್ನ ಬುಟ್ಟಿಗೆ ಹಾಕುತ್ತಿದ್ದರು, ಒಂದನ್ನು ಬಿಟ್ಟು. ಆ ಒಂದರ ಕತ್ತಿನ ಹತ್ತಿರ ಉಗುರುಬಣ್ಣದ ಕೆಂಪು ಚುಕ್ಕಿ ಇತ್ತು. ಅದನ್ನು ಅವರೇ ಬರೀ ನೀರಿನಲ್ಲಿ ತೊಳೆದು ಪೆನ್ನಿನ ಡಬ್ಬಿಯಲ್ಲಿ ಬೋರಲು ಹಾಕಿಡುತ್ತಿದ್ದರು. ಆರು ವರ್ಷಗಳಿಂದ ಹಾಗೆಯೇ ನಡೆದುಬಂದಿತ್ತು. ಲ್ಯಾಬಿಗೆ ಸೇರಿದ ಮೊದಲ ವಾರ ನಾನು ತಿಳಿಯದೆ ಅದನ್ನೂ ಎತ್ತಿಕೊಂಡಿದ್ದೆ. ಅಕ್ಕ ಓಡಿ ಬಂದು ಕೈಯಿಂದ ಕಸಿದುಕೊಂಡರು.

"ಇದು ಬೇಡ ಗುಬ್ಬಿ. ಇದು ನನ್ನ ಅದೃಷ್ಟದ ಟ್ಯೂಬು. ನಿನ್ನ ಕೈಗೆ ಕೊಟ್ರೆ ಒಡೆದು ಹಾಕ್ತೀಯ."

ನಾನು ಇವತ್ತಿನವರೆಗೆ ಒಂದು ಟ್ಯೂಬನ್ನೂ ಒಡೆದವಳಲ್ಲ. ಆದರೆ ಹೇಳಲಿಲ್ಲ. ಮಾತು ಬಾಯಿಯವರೆಗೆ ಬಂದು ಅಲ್ಲೇ ಕೂತುಬಿಡುವುದು ನನಗೆ ಚಿಕ್ಕಂದಿನಿಂದಲೂ ಇದೆ. ಎಂಟನೇ ತರಗತಿಯಲ್ಲಿ ಶಾಲೆ ಬಿಡುವಾಗ ಟೀಚರು "ಯಾಕಮ್ಮಾ?" ಎಂದು ಕೇಳಿದ್ದರು. ತಲೆ ತಗ್ಗಿಸಿ ನಿಂತೆ. ಅವರೇ ಬೇಸತ್ತು ಹೆಸರು ಹೊಡೆದುಹಾಕಿದರು. ಗುಬ್ಬಿಯಾದರೂ ಚಿಲಿಪಿಲಿ ಅನ್ನುತ್ತದೆ, ನನ್ನಲ್ಲಿ ಅದೂ ಇಲ್ಲ. ಗಾತ್ರ ನೋಡಿ ಇಟ್ಟ ಹೆಸರಿರಬೇಕು.

ಲ್ಯಾಬಿನಲ್ಲಿ ನನ್ನ ಕೆಲಸ ತೊಳೆಯುವುದು. ಕಾರಿಡಾರಿನ ಕೊನೆಯ ಕೋಣೆ, ಎರಡು ಸಿಂಕು, ಕಾಲಡಿಗೆ ಸದಾ ಒದ್ದೆಯಾಗಿರುವ ಮರದ ಹಲಗೆ. ಟ್ಯೂಬುಗಳನ್ನು ಪುಡಿ ಹಾಕಿ ನೆನೆಸಬೇಕು, ಬ್ರಷ್ಷಿನಿಂದ ಉಜ್ಜಬೇಕು, ನಲ್ಲಿ ನೀರಿನಲ್ಲಿ ಆರು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ ಜಾಲಿಸಬೇಕು. ಜೀವಕೋಶ ಸಾಕುವ ಬಾಟಲಿಗಳಾದರೆ ಆಮೇಲೆ ಆವಿಯ ಡ್ರಮ್ಮಿನಲ್ಲಿ ಮುಕ್ಕಾಲು ಗಂಟೆ ಬೇಯುತ್ತವೆ. ಅಳತೆಯ ಟ್ಯೂಬುಗಳಿಗೆ ಆ ಮರ್ಯಾದೆ ಇಲ್ಲ. ಬೋರಲು ಹಾಕಿದರೆ ತಾವಾಗಿ ಒಣಗುತ್ತವೆ.

ಅಕ್ಕ ಎಂದರೆ ಆ ಲ್ಯಾಬಿನಲ್ಲಿ ಡಾಕ್ಟರೇಟಿಗೆ ಓದುತ್ತಿದ್ದವರು. ನನ್ನ ಅಕ್ಷರ ದುಂಡಗಿದೆ ಎಂದು ತಮ್ಮ ಲೇಬಲ್ಲುಗಳನ್ನು ನನ್ನಿಂದ ಬರೆಸುತ್ತಿದ್ದರು. ಹಾಗೆ ಬರೆಸುವಾಗಲೇ ಒಂದು ದಿನ ತಮ್ಮ ಕೆಲಸ ಏನೆಂದು ಹೇಳಿದ್ದರು.

"ಕಿಡ್ನಿ ಅಂದ್ರೆ ಒಂದು ಜರಡಿ ಅಂದ್ಕೋ. ಜರಡಿ ಎಳೆಗಳ ಮಧ್ಯೆ ಕೂತಿರೋ ಜೀವಕೋಶಗಳೇ ಅಲ್ಲಿನ ಕೆಲಸದವರು. ಹೊಸ ಎಳೆ ನೇಯೋದೂ ಅವರೇ, ಹಳೇದನ್ನ ಕತ್ತರಿಸಿ ಗುಡಿಸೋದೂ ಅವರೇ. ಎಳೆ ಅಂದ್ರೆ ಪ್ರೊಟೀನು. ಕತ್ತರಿ ಅಂದ್ರೆ ಎಂಜೈಮು."

ನಾನು ಬರೆಯುತ್ತಿದ್ದ ಲೇಬಲ್ಲಿನ ಮೇಲೂ ಎಂಜೈಮ್ ಎಂದೇ ಇತ್ತು. ಇನ್ನೊಂದರ ಮೇಲೆ ಗ್ರೋತ್ ಫ್ಯಾಕ್ಟರ್ ಎಂದಿತ್ತು. ಅದೇನೆಂದು ಕೇಳಬೇಕೆನಿಸಿತು. ಕೇಳುವುದರೊಳಗೆ ಅವರೇ ಹೇಳಿದರು.

"ಇದು 'ಬೆಳೀರಿ, ಬೆಳೀರಿ' ಅಂತ ಬರೋ ಆರ್ಡರು. ಗಾಯ ಆದಾಗ ಬೇಕಾದ್ದೇ. ಆದ್ರೆ ನಿಲ್ಲದೆ ಬರ್ತಾನೇ ಇದ್ರೆ ಕೆಲಸದವರು ನೇಯ್ತಾನೇ ಇರ್ತಾರೆ, ಕತ್ತರಿ ಕೆಳಗಿಟ್ಟುಬಿಡ್ತಾರೆ. ಹಳೇ ಎಳೆ ಗುಡ್ಡೆ ಬೀಳುತ್ತೆ, ಜರಡಿ ಕಟ್ಕೊಳ್ಳುತ್ತೆ. ಅಲ್ಲಿಗೆ ಕಿಡ್ನಿ ಕಥೆ ಮುಗೀತು."

"ಗುಡಿಸೋರು ರಜೆ ಹಾಕಿದ ಹಾಗೆ," ಎಂದೆ ಮೆಲ್ಲಗೆ.

ಅಕ್ಕ ಪೆನ್ನು ಕೆಳಗಿಟ್ಟು ನಕ್ಕರು. "ಆರು ವರ್ಷದ ಥೀಸಿಸ್ಸನ್ನ ನಾಲ್ಕೇ ಪದದಲ್ಲಿ ಮುಗಿಸಿಬಿಟ್ಟೆಯಲ್ಲೇ!"

ಆ ದಿನಗಳಲ್ಲಿ ಅವರು ಇನ್ನೂ ನಗುತ್ತಿದ್ದರು.

ಅವರ ಪರೀಕ್ಷೆ ಕಣ್ಣಿಗೆ ಕಾಣುವಂಥದ್ದು. ಇಲಿಯ ಮೂತ್ರಪಿಂಡದಿಂದ ತೆಗೆದು ಸಾಕಿದ ಜೀವಕೋಶಗಳಲ್ಲಿ ಅರ್ಧಕ್ಕೆ ಗ್ರೋತ್ ಫ್ಯಾಕ್ಟರ್ ಕೊಡುವುದು, ಅರ್ಧಕ್ಕೆ ಕೊಡದಿರುವುದು. ಎರಡು ದಿನ ಬಿಟ್ಟು ಅವು ನೆನೆದಿದ್ದ ದ್ರವವನ್ನು ಟ್ಯೂಬುಗಳಿಗೆ ಸುರಿದು ಕಿತ್ತಳೆ ಬಣ್ಣ ಕಟ್ಟಿದ ಹಾಲಿನ ಪ್ರೊಟೀನನ್ನು ಬೆರೆಸುವುದು. ದ್ರವದಲ್ಲಿ ಕತ್ತರಿ ಇದ್ದರೆ ಪ್ರೊಟೀನು ಚೂರಾಗುತ್ತದೆ. ಮೂರು ಗಂಟೆ ಬೆಚ್ಚಗಿಟ್ಟು ಆಮ್ಲ ಹಾಕಿದರೆ ಚೂರಾಗದೆ ಉಳಿದದ್ದು ಗಟ್ಟಿಯಾಗಿ ತಳಕ್ಕೆ ಕೂರುತ್ತದೆ, ಚೂರಾದದ್ದು ಮೇಲಿನ ನೀರಿಗೆ ಬಣ್ಣ ಕೊಡುತ್ತದೆ. ಬಣ್ಣ ಹೆಚ್ಚಿದ್ದಷ್ಟೂ ಕತ್ತರಿ ಹೆಚ್ಚು. ಕೆಂಪು ಚುಕ್ಕಿಯ ಟ್ಯೂಬಿಗೆ ಜೀವಕೋಶದ ದ್ರವ ಹಾಕುವುದಿಲ್ಲ, ಉಳಿದದ್ದೆಲ್ಲ ಹಾಕುತ್ತಾರೆ. ಅದರ ನೀರು ತಿಳಿಯಾಗಿಯೇ ಇರಬೇಕು. ಇದ್ದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದರ್ಥ.

ಮೂರು ಸಲ ಮಾಡಿ ಮೂರು ಸಲವೂ ಅದೇ ಉತ್ತರ ಬಂದರೆ ಮಾತ್ರ ಅದು ಥೀಸಿಸ್ಸಿನ ಕೊನೆಯ ಅಧ್ಯಾಯವಾಗುತ್ತಿತ್ತು. ಎರಡು ಸಲ ಬಂದಿತ್ತು: ಫ್ಯಾಕ್ಟರ್ ಕೊಡದ ಟ್ಯೂಬು ಬಣ್ಣ ಅಳೆಯುವ ಮೀಟರಿನಲ್ಲಿ ನಲವತ್ತರ ಆಸುಪಾಸು, ಕೊಟ್ಟದ್ದು ಹದಿನಾರು, ಹದಿನೇಳು. ಮೂರನೆಯ ಸಲ ಎರಡೂ ಎಂಬತ್ತು. ಮತ್ತೆ ಮಾಡಿದರು, ಎಂಬತ್ತೆರಡು, ಎಪ್ಪತ್ತೊಂಬತ್ತು. ಎರಡು ತಿಂಗಳಲ್ಲಿ ಆರು ಸಲ ಹೀಗೇ ಆಯಿತು. ಕೆಂಪು ಚುಕ್ಕಿಯ ಟ್ಯೂಬು ಮಾತ್ರ ಪ್ರತಿ ಸಲವೂ ತಿಳಿನೀರಿನಂತೆ ನಿಂತಿರುತ್ತಿತ್ತು.

ಅಕ್ಕ ಜೀವಕೋಶಗಳಿಗೆ ವಯಸ್ಸಾಯಿತೆಂದು ಹೊಸದನ್ನು ಕರಗಿಸಿ ಸಾಕಿದರು. ಫ್ಯಾಕ್ಟರ್ ಕೆಟ್ಟಿದೆಯೆಂದು ಇನ್ನೊಂದು ಸೀಸೆ ತರಿಸಿದರು. ಮೀಟರಿನ ದೀಪ ಬದಲಾಯಿಸಿದರು. ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಒಯ್ಯತೊಡಗಿದರು. ಸಂಜೆ ರ‍್ಯಾಕನ್ನು ನನ್ನ ಕೋಣೆಗೆ ತಂದಿಟ್ಟು ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ನಾನು ತೊಳೆಯುವುದನ್ನು ನೋಡುತ್ತಿದ್ದರೋ ಗೋಡೆಯನ್ನು ನೋಡುತ್ತಿದ್ದರೋ ತಿಳಿಯುತ್ತಿರಲಿಲ್ಲ.

"ಈ ಲ್ಯಾಬಲ್ಲಿ ಸರಿಯಾಗಿ ನಡೀತಿರೋದು ನಿನ್ನ ಕೆಲಸ ಒಂದೇ ಗುಬ್ಬಿ," ಎಂದರು ಒಮ್ಮೆ. "ಟ್ಯೂಬುಗಳು ಈಚೆಗೆ ಎಷ್ಟು ಫಳಫಳ ಅಂತಿವೆ ನೋಡು."

ನನಗೆ ಕಿವಿಯವರೆಗೆ ಬಿಸಿಯಾಯಿತು. ಹೊಗಳಿಕೆಗೆ ಎಂದುಕೊಂಡೆ.

ಆ ಫಳಫಳಕ್ಕೆ ಕಾರಣ ಬೇರೆ ಇತ್ತು. ಎರಡು ತಿಂಗಳ ಹಿಂದೆ ಲ್ಯಾಬಿನ ಪುಡಿ ಮುಗಿದಿತ್ತು. ಸ್ಟೋರಿನವರ ಹತ್ತಿರ ಹೋಗಿದ್ದೆ. ಅವರನ್ನು ಎಲ್ಲರೂ ಇಲ್ಲಪ್ಪ ಎನ್ನುತ್ತಾರೆ, ಏನು ಕೇಳಿದರೂ ಅದೇ ಹೇಳುವುದರಿಂದ. ಅವರಿಗೂ ಗೊತ್ತು, ಬೇಸರವಿಲ್ಲ.

"ಮಾವ, ತೊಳೆಯೋ ಪುಡಿ..."

"ಇಲ್ಲ."

"ಗ್ಲೌಸು?"

"ಅದೂ ಇಲ್ಲ."

"ಯಾವಾಗ ಬರುತ್ತೆ?"

"ಅದು ಗೊತ್ತಿಲ್ಲ. ನೋಡು, ಒಂದು ಪ್ರಶ್ನೆಗಾದ್ರೂ ಬೇರೆ ಉತ್ತರ ಕೊಟ್ಟೆ, ಖುಷಿಪಡು."

ಆಗ ಚಳಿ ಶುರುವಾಗಿತ್ತು. ಹಳೆಯ ಪುಡಿಯಿಂದಲೇ ನನ್ನ ಬೆರಳ ಸಂದುಗಳು ಬಿರಿದು ರಕ್ತ ಜಿನುಗುತ್ತಿತ್ತು. ಅಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಾಳೆ. ಅಲ್ಲಿ ಬಳಸುವ ಪುಡಿಯನ್ನೇ ಅಂಗಡಿಯಿಂದ ಮನೆಗೂ ತರುತ್ತಾಳೆ. ಕೈಗೆ ಮೆದು. ಒಂದು ಚೀಲದಲ್ಲಿ ತುಂಬಿಸಿಕೊಂಡು ಬಂದು ಲ್ಯಾಬಿನ ಖಾಲಿ ಡಬ್ಬಕ್ಕೆ ಸುರಿದೆ. ಡಬ್ಬದ ಮೇಲೆ ಹಳೆಯ ಹೆಸರೇ ಇತ್ತು. ಟ್ಯೂಬಿನ ತಳದಲ್ಲಿ ಅಂಟಿದ ಕಿತ್ತಳೆ ಕಲೆ ಉಜ್ಜದೆಯೇ ಬಿಟ್ಟುಕೊಂಡಿತು. ಆರು ಸಲ ಜಾಲಿಸುವ ಕಡೆ ಮೂರು ಸಲ ಜಾಲಿಸತೊಡಗಿದೆ. ನೀರು ಅಷ್ಟು ಕೊರೆಯುತ್ತಿತ್ತು. ಸೋಮಾರಿತನ ಅಂದರೂ ಸರಿ, ದಣಿವು ಅಂದರೂ ಸರಿ.

ಆರನೆಯ ಸಲವೂ ಕೆಟ್ಟ ಮೇಲೆ ಲ್ಯಾಬಿನ ಪ್ರೊಫೆಸರ್ ಸರ್ ಅಕ್ಕನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ನಾನು ಟ್ರಾಲಿಯೊಂದಿಗೆ ಗೋಡೆಗೆ ಒತ್ತಿ ನಿಂತಿದ್ದೆ. ನಾನು ನಿಂತಿರುವುದು ಸಾಮಾನ್ಯವಾಗಿ ಯಾರಿಗೂ ಕಾಣುವುದಿಲ್ಲ.

"ಇಪ್ಪತ್ತೆಂಟನೇ ತಾರೀಖಿಗೆ ನಿನ್ನ ಥೀಸಿಸ್ ನೋಡೋ ಕಮಿಟಿ ಕೂರುತ್ತೆ. ಅಷ್ಟರಲ್ಲಿ ಮೂರನೇ ಸಲದ್ದು ಬರಬೇಕು. ಬರೀ ಬಂದ್ರೂ ಸಾಲದು. ಮಧ್ಯೆ ಆರು ಸಲ ಯಾಕೆ ಕೆಟ್ಟಿತು ಅನ್ನೋದಕ್ಕೆ ಕಾರಣ ಬೇಕು. ಕಾರಣ ಇಲ್ದಿದ್ರೆ ಮೊದಲ ಎರಡೂ ಆಕಸ್ಮಿಕ ಅಂತಾರೆ ಅವರು. ನಾನಾದ್ರೂ ಹಾಗೇ ಅಂತೀನಿ."

"ಇಲ್ಲಾಂದ್ರೆ, ಸರ್?"

"ಇಲ್ಲಾಂದ್ರೆ ಸಣ್ಣ ಡಿಗ್ರಿ ತಗೊಂಡು ಹೊರಡಮ್ಮ. ಸೀಟು ಖಾಲಿ ಮಾಡು ಅಂತ ಮೇಲಿನವರು ಎರಡು ಸಲ ಕಾಗದ ಹಾಕಿದ್ದಾರೆ. ಇನ್ನೆಷ್ಟು ದಿನ ತಡೀಲಿ ನಾನು?"

ಅವರ ದನಿಯಲ್ಲಿ ಕೋಪವಿರಲಿಲ್ಲ. ಅವರೂ ದಣಿದಿದ್ದರು.

ಸೋಮವಾರ ಅಕ್ಕ ಉಳಿದಿದ್ದ ಫ್ಯಾಕ್ಟರಿನ ಕೊನೆಯ ಸೀಸೆಯನ್ನು ಕರಗಿಸಿ ಜೀವಕೋಶಗಳಿಗೆ ಕೊಟ್ಟರು. ಇನ್ನು ಬುಧವಾರ ಅಳತೆ. ಗುರುವಾರ ಇಪ್ಪತ್ತೆಂಟು.

ಆ ಸೋಮವಾರದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ನಾನು ಬಚ್ಚಲ ಹೊಸ್ತಿಲ ಮೇಲೆ ಕೂತಿದ್ದೆ. ಅಮ್ಮ ಬಕೆಟ್ಟಿನಲ್ಲಿ ಹಾಸಿಗೆಯ ಬಟ್ಟೆ ನೆನೆಹಾಕುತ್ತಿದ್ದಳು.

"ಉಜ್ಜಲ್ವೇನಮ್ಮಾ?"

"ಯಾಕೆ ಉಜ್ಜಬೇಕು? ರಕ್ತ ಆಗ್ಲಿ ಹಾಲಾಗ್ಲಿ, ಈ ಪುಡೀನೇ ತಿಂದುಹಾಕುತ್ತೆ. ನಾವು ಸುಮ್ನೆ ಕಾಯೋದು." ಸೊಂಟ ಹಿಡಿದುಕೊಂಡು ಎದ್ದಳು. "ನಮ್ಮನೇಲಿ ಹೇಳದೆ ಕೆಲಸ ಮಾಡೋದು ಇದೊಂದೇ."

ಹಾಲು ಎನ್ನುವ ಮಾತು ನನ್ನ ತಲೆಯಲ್ಲಿ ನಿಂತುಬಿಟ್ಟಿತು. ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿದೆ. ಸೋಡಾ, ಸುವಾಸನೆ, ಎಂಜೈಮ್. ನೂರಾರು ಸಲ ನನ್ನ ದುಂಡಕ್ಷರದಲ್ಲಿ ಬರೆದ ಪದ. ಅಕ್ಕನ ಟ್ಯೂಬಿನಲ್ಲಿರುವುದು ಹಾಲಿನ ಪ್ರೊಟೀನು. ಕತ್ತರಿ ಜೀವಕೋಶದ್ದಲ್ಲ. ನಾನೇ ಎರಡು ತಿಂಗಳಿಂದ ಪ್ರತಿ ಟ್ಯೂಬಿನ ಗೋಡೆಗೂ ಕತ್ತರಿ ಅಂಟಿಸಿ ಕೊಡುತ್ತಿದ್ದೆ.

ಕೆಂಪು ಚುಕ್ಕಿಯ ಟ್ಯೂಬು ಯಾಕೆ ತಿಳಿಯಾಗಿತ್ತೆಂದೂ ಆಗಲೇ ಹೊಳೆಯಿತು. ಅದೊಂದೇ ನನ್ನ ಸಿಂಕಿಗೆ ಬಂದಿರಲಿಲ್ಲ.

"ಏನೇ, ಪೊಟ್ಟಣದ ಮೇಲೆ ಕಥೆ ಬರೆದಿದ್ದಾರಾ?" ಎಂದಳು ಅಮ್ಮ.

ಸೋಮವಾರ ಹೇಳಲಾಗಲಿಲ್ಲ. ಅಕ್ಕ ಬಾಗಿಲು ಹಾಕಿಕೊಂಡು ಜೀವಕೋಶಗಳ ಕೋಣೆಯಲ್ಲಿದ್ದರು. ಮಂಗಳವಾರ ಎರಡು ಸಲ ಅವರ ಮೇಜಿನವರೆಗೆ ಹೋಗಿ ಕಸದ ಬುಟ್ಟಿ ಎತ್ತಿಕೊಂಡು ಬಂದೆ. ಎರಡನೆಯ ಸಲ ಬುಟ್ಟಿ ಖಾಲಿಯೇ ಇತ್ತು. ಸುಮ್ಮನೆ ಎಲ್ಲ ಟ್ಯೂಬುಗಳನ್ನು ಕುದಿಸಿ, ಆರು ಸಲ ಜಾಲಿಸಿ ಇಟ್ಟುಬಿಟ್ಟರೆ ಸಾಕಲ್ಲವೇ ಎಂದು ಮನಸ್ಸು ಹೇಳುತ್ತಲೇ ಇತ್ತು. ಮೂರನೆಯ ಉತ್ತರ ಸರಿಯಾಗಿ ಬರುತ್ತದೆ, ನನ್ನ ಕೆಲಸವೂ ಉಳಿಯುತ್ತದೆ. ಆದರೆ ಸರ್ ಕೇಳಿದ ಕಾರಣ? ಆ ಕಾರಣ ಲೋಕದಲ್ಲಿ ನನ್ನೊಬ್ಬಳ ಹತ್ತಿರ ಮಾತ್ರ ಇತ್ತು.

ಬುಧವಾರ ಬೆಳಿಗ್ಗೆ ಅಕ್ಕ ಜೀವಕೋಶಗಳ ದ್ರವವನ್ನು ಐಸಿನ ಮೇಲಿಟ್ಟುಕೊಂಡು ರ‍್ಯಾಕಿನಲ್ಲಿ ಟ್ಯೂಬು ಜೋಡಿಸುತ್ತಿದ್ದರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಏನು ಗುಬ್ಬಿ?"

"ಅಕ್ಕ, ನಾನು ತೊಳೆದ ಒಂದು ಖಾಲಿ ಟ್ಯೂಬು... ನಿಮ್ಮ ಕೆಂಪು ಟ್ಯೂಬಿನ ಪಕ್ಕ ಇಡಿ. ಅದಕ್ಕೆ ಹಾಕೋದನ್ನೇ ಇದಕ್ಕೂ ಹಾಕಿ."

"ಯಾಕೆ?"

"ಇದನ್ನ ಮೊದಲು ನೋಡಿ ಅಕ್ಕ. ಜೀವಕೋಶದ್ದು ಆಮೇಲೆ ಸುರೀರಿ."

ನಾನು ಅಷ್ಟು ಉದ್ದ ಮಾತಾಡಿದ್ದಕ್ಕೇ ಇರಬೇಕು, ಅವರು ಕೈ ನಿಲ್ಲಿಸಿದರು. ನನ್ನನ್ನು ನೋಡಿದರು. ಎರಡು ಟ್ಯೂಬುಗಳಿಗೂ ಕಿತ್ತಳೆ ಪ್ರೊಟೀನು ಹಾಕಿ ಬಿಸಿನೀರಿನ ತೊಟ್ಟಿಗಿಳಿಸಿದರು. ಐಸು ಕರಗಿದಂತೆಲ್ಲ ಹೊಸ ಐಸು ತಂದು ಸುರಿದೆ. ಮೂರು ಗಂಟೆ ನಾವಿಬ್ಬರೂ ಆಡಿದ್ದು ಇಷ್ಟೇ ಮಾತು:

"ನಿನಗೇನೋ ಗೊತ್ತು."

"ಹೂಂ."

"ಹೇಳೋಕೆ ಭಯ."

"ಹೂಂ."

ಆಮ್ಲ ಹಾಕಿದರು. ಗಟ್ಟಿಯಾದದ್ದು ತಳಕ್ಕೆ ಇಳಿಯಿತು. ಕೆಂಪು ಚುಕ್ಕಿಯ ಟ್ಯೂಬಿನ ನೀರು ತಿಳಿ. ನಾನು ತೊಳೆದ ಟ್ಯೂಬಿನ ನೀರು ಗಾಢ ಕಿತ್ತಳೆ. ಒಳಗೆ ಒಂದೇ ಒಂದು ಜೀವಕೋಶದ ದ್ರವದ ಹನಿಯೂ ಬಿದ್ದಿರಲಿಲ್ಲ.

ಅಕ್ಕ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನಾನು ಹೇಳಿದೆ. ಪುಡಿ, ಡಬ್ಬ, ಮೂರು ಸಲ, ಅಮ್ಮನ ಪೊಟ್ಟಣ. ನೆಲ ನೋಡಿಕೊಂಡೇ ಹೇಳಿದೆ, ಆದರೆ ಎಲ್ಲವನ್ನೂ ಹೇಳಿದೆ.

"ಎರಡು ತಿಂಗಳು," ಎಂದರು ಅಕ್ಕ. ದನಿ ಮೇಲೆ ಬರಲಿಲ್ಲ. "ಎರಡು ತಿಂಗಳು ನನಗೆ ನಿದ್ದೆ ಇಲ್ಲ ಕಣೇ. ದಿನಾ ಸಂಜೆ ನಿನ್ನೆದುರಿಗೇ ಬಂದು ಕೂರ್ತಿದ್ದೆ. ಬಾಯಿ ಬಿಡೋಕೆ ಏನಾಗಿತ್ತು ನಿನಗೆ?"

"ಭಾನುವಾರದವರೆಗೆ ನನಗೇ ಗೊತ್ತಿರ್ಲಿಲ್ಲ ಅಕ್ಕ."

"ಸೋಮವಾರ ಗೊತ್ತಿತ್ತಲ್ಲ! ನಿನ್ನೆ ಗೊತ್ತಿತ್ತಲ್ಲ!"

ಅಕ್ಕ ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಕೈಯಲ್ಲಿ ಕೆಂಪು ಚುಕ್ಕಿಯ ಟ್ಯೂಬಿತ್ತು, ಅದನ್ನೇ ತಿರುಗಿಸುತ್ತಿದ್ದರು.

"ಇದನ್ನ ಯಾಕೆ ಇಡ್ತೀವಿ ಗೊತ್ತಾ? ಬೇರೆ ಟ್ಯೂಬುಗಳಿಗೆ ಏನೇನಾಗುತ್ತೋ ಅದೆಲ್ಲ ಇದಕ್ಕೂ ಆಗಿರಬೇಕು. ಆಗಲೇ ತಪ್ಪು ಎಲ್ಲಿದೆ ಅಂತ ಇದು ಹೇಳೋದು. ಮೊದಲ ವರ್ಷದ ಮಕ್ಕಳಿಗೆ ನಾನೇ ಈ ಪಾಠ ಮಾಡ್ತೀನಿ." ಒಣ ನಗೆ ನಕ್ಕರು. "ಮಾಡಿಬಿಟ್ಟು ಇದನ್ನ ಮಾತ್ರ ಬೇರೆ ತೊಳ್ದು, ಬೇರೆ ಒಣಗಿಸಿ, ಮುದ್ದು ಮಾಡಿ ಸಾಕಿದೆ. ಸಾಕಿದ್ದಕ್ಕೆ ಸರಿಯಾಗಿ ಆರು ಸಲವೂ ಸುಳ್ಳು ಹೇಳ್ತು."

ಬಾಗಿಲಲ್ಲಿ ಪ್ರೊಫೆಸರ್ ಸರ್ ನಿಂತಿದ್ದರು. ಯಾವಾಗ ಬಂದರೋ ಗೊತ್ತಾಗಲಿಲ್ಲ. ಅಕ್ಕ ಎದ್ದು ಸೀರೆ ಸರಿಮಾಡಿಕೊಂಡರು.

"ಸರ್, ಕಾರಣ ಸಿಕ್ಕಿತು. ತೊಳೆಯೋ ಪುಡಿ ಬದಲಾಗಿತ್ತು. ಅದರಲ್ಲೇ ಪ್ರೊಟೀನ್ ಕತ್ತರಿಸೋ ಎಂಜೈಮು. ನನ್ನ ಖಾಲಿ ಟ್ಯೂಬನ್ನ ನಾನು ಬೇರೆ ತೊಳೀತಿದ್ದೆ, ಅದಕ್ಕೇ ಗೊತ್ತಾಗ್ಲಿಲ್ಲ. ತಪ್ಪು ನಂದು."

"ಪುಡಿ ಹೇಗೆ ಬದಲಾಯ್ತು?"

ಅಕ್ಕ ತಿರುಗಿ ಮೇಜಿನ ಮೇಲಿನ ಟ್ಯೂಬುಗಳನ್ನು ಜೋಡಿಸತೊಡಗಿದರು. ಅವರು ಹೇಳುವುದಿಲ್ಲವೆಂದು ನನಗೆ ತಿಳಿಯಿತು.

"ಬದಲಾಯಿಸಿದ್ದು ನಾನು, ಸರ್," ಎಂದೆ.

ಸರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀನು ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?"

"ಒಂದೂವರೆ ವರ್ಷ."

"ನಿನಗೆ ಮಾತು ಬರಲ್ಲ ಅಂದ್ಕೊಂಡಿದ್ದೆ ನಾನು." ಆಮೇಲೆ, "ಯಾಕೆ ಬದಲಾಯಿಸಿದೆ?"

ಕೈ ಮುಂದೆ ಚಾಚಿದೆ. ಬಿರುಕುಗಳು ಈಗ ಮಾಗಿ ಬರೀ ಗೆರೆಗಳಾಗಿದ್ದವು, ಆದರೂ ಕಾಣುತ್ತಿದ್ದವು. ಸರ್ ನೋಡಿದರು. ಮೇಜಿನ ಮೇಲಿದ್ದ ಕಾಗದದಲ್ಲಿ ಗ್ಲೌಸು ಎಂದು ಬರೆದು ಸಹಿ ಹಾಕಿ ಕೊಟ್ಟರು.

"ಸ್ಟೋರಿಗೆ ಕೊಡು. ಇಲ್ಲ ಅಂದ್ರೆ ನನ್ನ ಹತ್ರ ಕಳಿಸು. ಇನ್ನು ಮೇಲೆ ಸಿಂಕಿನಲ್ಲಿ ಏನೇ ಬದಲಾದ್ರೂ ಮೊದಲು ಬಂದು ಬಾಯಿ ಬಿಡಬೇಕು, ತಿಳೀತಾ?" ಅಕ್ಕನ ಕಡೆ ತಿರುಗಿದರು. "ಈ ಎರಡು ಟ್ಯೂಬುಗಳ ಅಳತೆ ತೆಗೆದು ಪುಸ್ತಕದಲ್ಲಿ ಬರಿ. ಕಮಿಟಿಗೆ ಇದನ್ನೇ ತೋರಿಸು. ಆದ್ರೆ ಮೂರನೇ ಸಲದ್ದು ಇವತ್ತು ಸಂಜೆ ಒಳಗೆ ಬೇಕು. ದ್ರವ ಇನ್ನೂ ಚೆನ್ನಾಗಿದೆಯಾ?"

"ಐಸಿನ ಮೇಲಿದೆ ಸರ್. ಇವಳು ಕಾಯ್ತಾ ಇದ್ದಾಳೆ."

ನಾವು ಟ್ಯೂಬುಗಳನ್ನೆಲ್ಲ ಆವಿಯ ಡ್ರಮ್ಮಿಗೆ ತುಂಬಿದೆವು. ಬೆಂದರೆ ಎಂಜೈಮು ಕೆಲಸಕ್ಕೆ ಬಾರದಾಗುತ್ತದೆ ಎಂದರು ಅಕ್ಕ. ಮುಚ್ಚಳ ಹಾಕುವ ಮೊದಲು ಅವರು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಆ ಕೆಂಪು ಚುಕ್ಕಿಯನ್ನು ಉಜ್ಜಿದರು. ಆರು ವರ್ಷದ ಬಣ್ಣ ಬೇಗ ಬಿಡಲಿಲ್ಲ. ಉಗುರಿನಿಂದ ಕೆರೆದು ತೆಗೆದರು. ಟ್ಯೂಬನ್ನು ಡ್ರಮ್ಮಿನೊಳಗಿದ್ದ ನನ್ನ ಬುಟ್ಟಿಗೆ ಹಾಕಿದರು, ಉಳಿದವುಗಳ ಜೊತೆ.

"ಒಡೆದು ಹಾಕ್ತೀನಿ ಅಂತಿದ್ರಿ," ಎಂದೆ.

"ಒಡೆದುಹೋಗ್ಲಿ."

ಬೆಂದು ಬಂದ ಟ್ಯೂಬುಗಳನ್ನು ನಲ್ಲಿ ನೀರಿನಲ್ಲಿ ಆರು ಸಲ ಜಾಲಿಸಿದೆ. ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ. ಮೂರಕ್ಕೇ ಬೆರಳು ಮರಗಟ್ಟಿತು. ಆದರೂ ಬಾಯಲ್ಲಿ ಎಣಿಸುತ್ತ ಪೂರಾ ಮಾಡಿದೆ. ಎರಡು ಗಂಟೆಗೆ ಅಕ್ಕ ದ್ರವ ಸುರಿಯುವಾಗ ಖಾಲಿ ಟ್ಯೂಬಿಗೆಂದು ಕೈ ಚಾಚಿ, "ಯಾವುದಾದ್ರೂ ಒಂದು ಕೊಡು," ಎಂದರು. ಕೈಗೆ ಸಿಕ್ಕಿದ್ದನ್ನು ಕೊಟ್ಟೆ.

ಸಂಜೆ ಐದೂವರೆಯಾಗಿತ್ತು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಖಾಲಿ ಟ್ಯೂಬು ತಿಳಿ. ಫ್ಯಾಕ್ಟರ್ ಕೊಡದ್ದರಲ್ಲಿ ಬಣ್ಣ ಇತ್ತು. ಕೊಟ್ಟದ್ದರಲ್ಲಿ ನೋಡಿದರೆ ಉಂಟು, ನೋಡದಿದ್ದರೆ ಇಲ್ಲ ಅನ್ನುವಷ್ಟು. ಅಕ್ಕ ಒಂದೊಂದಾಗಿ ಮೀಟರಿಗೆ ಇಟ್ಟು ಓದಿ ಹೇಳಿದರು, ನಾನು ಪುಸ್ತಕದಲ್ಲಿ ಬರೆದೆ. ನಲವತ್ತೊಂದು, ಮೂವತ್ತೊಂಬತ್ತು, ನಲವತ್ತೆರಡು. ಹದಿನಾರು, ಹದಿನೆಂಟು, ಹದಿನಾರು.

"ಗುಡಿಸೋರು ರಜೆ ಹಾಕಿದ್ದಾರೆ," ಎಂದರು ಅಕ್ಕ.

ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಅದರ ಮೇಲೆ ಕೈ ಮಡಚಿ, ಕೈಯ ಮೇಲೆ ತಲೆಯಿಟ್ಟರು. "ಐದೇ ನಿಮಿಷ ಗುಬ್ಬಿ, ಆಮೇಲೆ ಎಬ್ಬಿಸು, ನಾಳೆಗೆ ಬರೀಬೇಕು," ಎಂದರು. ಮಾತು ಮುಗಿಯುವುದರೊಳಗೆ ನಿದ್ದೆ ಹೋಗಿದ್ದರು.

ನಾನು ರ‍್ಯಾಕು ಎತ್ತಿಕೊಂಡು ನನ್ನ ಕೋಣೆಗೆ ಬಂದೆ. ಟ್ಯೂಬುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಚುಕ್ಕಿ ಕೆರೆದ ಗುರುತು ಯಾವುದರಲ್ಲಾದರೂ ಇದೆಯೇ ಎಂದು ನೋಡಿದೆ. ಸಿಗಲಿಲ್ಲ. ಇಲ್ಲಪ್ಪ ಮಾವ ಹಳೆಯ ಪುಡಿಯನ್ನಾಗಲಿ ಗ್ಲೌಸನ್ನಾಗಲಿ ಇನ್ನೂ ಕೊಟ್ಟಿರಲಿಲ್ಲ. ಬಿಸಿನೀರಿಗೆ ಬರೀ ಸೋಡಾ ಹಾಕಿ ಎಲ್ಲವನ್ನೂ ಮುಳುಗಿಸಿ, ತೋಳು ಮಡಚಿ, ಎಣಿಸಲು ಶುರು ಮಾಡಿದೆ. ಅಕ್ಕನನ್ನು ಎಬ್ಬಿಸಲು ಹತ್ತು ನಿಮಿಷ ಬಿಟ್ಟು ಹೋದರಾಯಿತು ಎಂದುಕೊಂಡೆ.